ಒಂದೇ ಚಮಚ ಎಣ್ಣೆಯಲ್ಲಿ ಬೆಳಗಿನ ಆಲೂಗಡ್ಡೆ: ಮೂರು ದಿನ ಕೆಟ್ಟಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಬೆಳಗಿನ ಪಾಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಏನೇನು ಮಾಡಿದೆ ಅಂತ ಪೂರ್ತಿ ಹೇಳದಿದ್ದರೆ ತಪ್ಪು ಎಲ್ಲಿದೆ ಅಂತ ನಿಮಗೂ ಗೊತ್ತಾಗುವುದಿಲ್ಲ.

ನನ್ನ ಹೆಂಡತಿಗೆ ಹೋದ ತಿಂಗಳು ಪಿತ್ತಕೋಶದಲ್ಲಿ ಕಲ್ಲು ಇದೆ ಅಂತ ಗೊತ್ತಾಯಿತು. ಜಿಡ್ಡು ಕಡಿಮೆ ಮಾಡಿ, ಕರಿದದ್ದು ಬೇಡ ಅಂತ ಡಾಕ್ಟರು ಹೇಳಿದ್ದಾರೆ. ಬೆಳಗಿನ ತಿಂಡಿ ನಮ್ಮ ಮನೆಯಲ್ಲಿ ನನ್ನ ಕೆಲಸ. ಅವಳಿಗೆ ತುಂಬಾ ಇಷ್ಟದ ತಿಂಡಿ ಅಂದರೆ ಹುರಿದ ಆಲೂಗಡ್ಡೆ, ಮೇಲೆ ಕರಿಮೆಣಸಿನ ಪುಡಿ. ಇಷ್ಟು ವರ್ಷ ಇಬ್ಬರಿಗೆ ಮೂರು ಆಲೂಗಡ್ಡೆ, ಮೂರು ದೊಡ್ಡ ಚಮಚ ಎಣ್ಣೆ ಹಾಕಿ ಮಾಡುತ್ತಿದ್ದೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ ಬರುತ್ತಿತ್ತು.

ಈಗ ಒಂದೇ ಸಣ್ಣ ಚಮಚ ಎಣ್ಣೆಯಲ್ಲಿ ಮಾಡಲು ಹೋಗಿ ಸೋತಿದ್ದೇನೆ. ಮೊದಲ ದಿನ ಹಸಿ ಆಲೂಗಡ್ಡೆಯನ್ನೇ ಹೆಚ್ಚಿ ಬಾಣಲೆಗೆ ಹಾಕಿದೆ. ಹೊರಗೆ ಅಲ್ಲಲ್ಲಿ ಕಪ್ಪಾಯಿತು, ಒಳಗೆ ಹಸಿ. ಎರಡನೇ ದಿನ ಮುಚ್ಚಳ ಮುಚ್ಚಿದೆ. ಬೆಂದಿತು, ಆದರೆ ಬೆವರಿದ ಹಾಗೆ ಒದ್ದೆ ಒದ್ದೆ. ಮೂರನೇ ದಿನ ಮೊದಲೇ ಕುಕ್ಕರಿನಲ್ಲಿ ಬೇಯಿಸಿಕೊಂಡೆ. ಬಾಣಲೆಯಲ್ಲಿ ತಿರುವುತ್ತಿದ್ದ ಹಾಗೆ ಪುಡಿಯಾಗಿ ಮುದ್ದೆಯಾಯಿತು, ಅರ್ಧ ತಳಕ್ಕೆ ಅಂಟಿಕೊಂಡಿತು.

ಅವಳು ಮೂರು ದಿನವೂ ಏನೂ ಹೇಳಲಿಲ್ಲ. ಸುಮ್ನೆ ತಿಂದಳು. ಮೂರನೇ ದಿನ ಅರ್ಧ ತಟ್ಟೆ ಹಾಗೇ ಇತ್ತು. ಅದನ್ನು ನೋಡಿ ಮನಸ್ಸಿಗೆ ಕಷ್ಟ ಆಯಿತು. ಇಷ್ಟದ್ದೊಂದನ್ನು ಬಿಡಿಸುವ ಬದಲು, ಅದನ್ನೇ ಜಿಡ್ಡಿಲ್ಲದ ಹಾಗೆ ಚೆನ್ನಾಗಿ ಮಾಡಿಕೊಡಬೇಕು ಅಂತ ಆಸೆ. ಇದು ಸಾಧ್ಯ ಇದೆಯಾ? ಓವನ್ ಇದೆ, ಆದರೆ ಬೆಳಿಗ್ಗೆ ಸಮಯ ಕಡಿಮೆ. ಬಾಣಲೆ ಸ್ಟೀಲಿನದು.

---

ಹಳೇ ಬಾಣಲೆ

ಖಂಡಿತ ಸಾಧ್ಯ. ನಮ್ಮ ಅಪ್ಪನಿಗೆ ಹೃದಯದ ತೊಂದರೆ ಆದಾಗಿನಿಂದ, ಅಂದರೆ ಹನ್ನೊಂದು ವರ್ಷದಿಂದ, ವಾರಕ್ಕೆ ಎರಡು ಸಲವಾದರೂ ಇದನ್ನು ಮಾಡುತ್ತಿದ್ದೇನೆ. ನೀವು ಕೆಡಿಸಿದ ಮೂರೂ ರೀತಿಯಲ್ಲಿ ನಾನೂ ಕೆಡಿಸಿದ್ದೇನೆ. ಆದ್ದರಿಂದ ಒಂದೊಂದೂ ಯಾಕೆ ಹಾಗಾಯಿತು ಅಂತ ಹೇಳಬಲ್ಲೆ.

ಜಾಸ್ತಿ ಎಣ್ಣೆ ಇದ್ದಾಗ ಅದು ತುಂಡಿನ ಸುತ್ತ ತುಂಬಿಕೊಂಡು ಬಾಣಲೆಯ ಬಿಸಿಯನ್ನು ಮೂಲೆ ಮೂಲೆಗೂ ಮುಟ್ಟಿಸುತ್ತದೆ. ಎಣ್ಣೆ ತೆಗೆದರೆ ಬಾಣಲೆಗೆ ತಾಗಿದ ಮುಖಕ್ಕೆ ಮಾತ್ರ ಬಿಸಿ. ಅದು ಕಪ್ಪಾಗುತ್ತದೆ, ಉಳಿದದ್ದು ಹಸಿ. ನಿಮ್ಮ ಮೊದಲ ದಿನದ ಕಥೆ ಅದು. ಹಾಗಾಗಿ ಕಡಿಮೆ ಎಣ್ಣೆಯಲ್ಲಿ ಬೇಯಿಸುವುದು ಬೇರೆ, ಕೆಂಪಗೆ ಮಾಡುವುದು ಬೇರೆ. ಎರಡನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಬೇಯುವುದು ನೀರಿನಲ್ಲಿ ಆಗಲಿ. ಬಾಣಲೆಗೆ ಬಂದ ಮೇಲೆ ಬಣ್ಣ ಬಂದರೆ ಸಾಕು.

ಎರಡನೇ ದಿನ ಒದ್ದೆಯಾದದ್ದಕ್ಕೆ ಕಾರಣ ನೀರು. ಆಲೂಗಡ್ಡೆಯ ತೂಕದಲ್ಲಿ ನೂರಕ್ಕೆ ಸುಮಾರು 79 ಭಾಗ ನೀರೇ. ಮೇಲ್ಮೈಯಲ್ಲಿ ನೀರು ಇರುವ ತನಕ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕೆಂಪು ಬಣ್ಣ, ಆ ಹುರಿದ ಘಮ ಬರಬೇಕಾದರೆ 140 ಡಿಗ್ರಿ ಹತ್ತಿರ ಹೋಗಬೇಕು. ಮುಚ್ಚಳ ಮುಚ್ಚಿದರೆ ಹಬೆ ಮತ್ತೆ ಅದರ ಮೇಲೆಯೇ ಬೀಳುತ್ತದೆ, ಅಲ್ವಾ? ಎಷ್ಟು ಹೊತ್ತು ಇಟ್ಟರೂ ಬಣ್ಣ ಬರುವುದಿಲ್ಲ. ಎಣ್ಣೆ ಸಾಲಲಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ನೀರು ಹೋಗಿರುವುದಿಲ್ಲ.

ಈಗ ಮಾಡುವ ರೀತಿ. ಇಬ್ಬರಿಗೆ 400 ಗ್ರಾಂ, ಅಂದರೆ ಮಧ್ಯಮ ಗಾತ್ರದ ಮೂರು. ಹೆಬ್ಬೆರಳಿನ ಉಗುರಿನಷ್ಟು ಚೌಕ ಹೆಚ್ಚಿ, ಎಲ್ಲ ಒಂದೇ ಅಳತೆ. ಎರಡು ನೀರಿನಲ್ಲಿ ತೊಳೆಯಿರಿ. ಮೊದಲ ನೀರು ಹಾಲಿನ ಹಾಗೆ ಬೆಳ್ಳಗೆ ಬರುತ್ತದೆ, ಅದು ಹೆಚ್ಚಿದ ಮುಖದಿಂದ ಬಿಟ್ಟ ಗಂಜಿ. ಅದು ಉಳಿದರೆ ತಳಕ್ಕೆ ಅಂಟುತ್ತದೆ. ಆಮೇಲೆ ತಣ್ಣೀರಿನಲ್ಲೇ ಹಾಕಿ ಒಲೆಯ ಮೇಲಿಡಿ. ಕುದಿಯುವ ನೀರಿಗೆ ಹಾಕಿದರೆ ಹೊರಗಿನದು ಬೆಂದು ಕರಗುವಾಗ ಒಳಗಿನದು ಇನ್ನೂ ಗಟ್ಟಿ ಇರುತ್ತದೆ. ಒಂದು ಸಣ್ಣ ಚಮಚ ಉಪ್ಪು, ಒಂದು ಸಣ್ಣ ಚಮಚ ವಿನೆಗರ್ ಅಥವಾ ನಿಂಬೆರಸ. ಹುಳಿ ಇದ್ದರೆ ತುಂಡಿನ ಅಂಚು ಬೇಗ ಕರಗುವುದಿಲ್ಲ, ಒಡೆಯುವುದಿಲ್ಲ. ಮೂರನೇ ದಿನ ನಿಮಗೆ ಪುಡಿಯಾದದ್ದಕ್ಕೆ ಇದೇ ಮದ್ದು. ಕುಕ್ಕರ್ ಬೇಡ, ಅದರಲ್ಲಿ ಒಂದು ನಿಮಿಷ ಹೆಚ್ಚಾದರೂ ಕೈತಪ್ಪುತ್ತದೆ.

ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 6 ನಿಮಿಷ. ಚಾಕು ಚುಚ್ಚಿದರೆ ಒಳಗೆ ಹೋಗಬೇಕು, ಆದರೆ ತುಂಡು ಸೀಳಬಾರದು. ನೀರು ಬಸಿದು, ಅದೇ ಬಿಸಿ ಪಾತ್ರೆಗೆ ಮತ್ತೆ ಹಾಕಿ ಸಣ್ಣ ಉರಿಯಲ್ಲಿ ಒಂದು ನಿಮಿಷ ಪಾತ್ರೆಯನ್ನು ಅಲ್ಲಾಡಿಸಿ. ಇಲ್ಲಿ ಸ್ವಲ್ಪ ಗಮನ ಕೊಟ್ಟು ನೋಡಿ. ಮೊದಲು ತುಂಡುಗಳು ಒದ್ದೆಯಾಗಿ ಹೊಳೆಯುತ್ತಿರುತ್ತವೆ. ಅರ್ಧ ನಿಮಿಷಕ್ಕೆ ಹೊಳಪು ಹೋಗುತ್ತದೆ. ಆಮೇಲೆ ಅಂಚುಗಳು ಸೀಮೆಸುಣ್ಣದ ಹಾಗೆ ಬೆಳ್ಳಗೆ, ಒರಟಾಗಿ ಕಾಣುತ್ತವೆ. ಪಾತ್ರೆ ಅಲ್ಲಾಡಿಸಿದಾಗ ಬರುವ ಸದ್ದೂ ಬದಲಾಗುತ್ತದೆ. ಮೊದಲು ಪಚಪಚ ಅನ್ನುತ್ತಿದ್ದದ್ದು ಈಗ ಲೊಟಲೊಟ ಅನ್ನುತ್ತದೆ. ಆಗ ಇಳಿಸಿ ಅಗಲ ತಟ್ಟೆಯಲ್ಲಿ ಹರಡಿ ಹತ್ತು ನಿಮಿಷ ಬಿಡಿ. ಹಬೆ ಹೋಗಲಿ. ಈ ಹತ್ತು ನಿಮಿಷ ಉಳಿಸಲು ಹೋದವರಿಗೆ ಗರಿಗರಿ ಬರುವುದಿಲ್ಲ.

ಎಣ್ಣೆಯನ್ನು ಬಾಣಲೆಗೆ ಹಾಕಬೇಡಿ. ಒಂದು ಸಣ್ಣ ಚಮಚ ಎಣ್ಣೆಯನ್ನು ಆರಿದ ತುಂಡುಗಳ ಮೇಲೆ ಹಾಕಿ, ಬಟ್ಟಲಿನಲ್ಲಿ ಕುಲುಕಿ. ಬಾಣಲೆಗೆ ಹಾಕಿದರೆ ಅದು ಒಂದು ಮೂಲೆಗೆ ಹರಿದು ಹೋಗುತ್ತದೆ. ತುಂಡುಗಳಿಗೆ ಹಾಕಿದರೆ ಆ ಒರಟು ಅಂಚುಗಳೇ ಅದನ್ನು ಹಿಡಿದುಕೊಳ್ಳುತ್ತವೆ. ಬಾಣಲೆ ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾಯಲಿ, ತುಂಡುಗಳನ್ನು ಒಂದೇ ಪದರವಾಗಿ, ಒಂದಕ್ಕೊಂದು ತಾಗದ ಹಾಗೆ ಹರಡಿ. ಆಮೇಲೆ 4 ನಿಮಿಷ ಮುಟ್ಟಬೇಡಿ. ಒಂದನ್ನು ಸಟ್ಟುಗದಿಂದ ಎತ್ತಿ ನೋಡಿ. ತಾನಾಗಿ ಬಿಟ್ಟುಕೊಂಡು ಬಂದರೆ ತಿರುವಿ. ಹಿಡಿದುಕೊಂಡಿದ್ದರೆ ಇನ್ನೂ ಆಗಿಲ್ಲ ಅಂತ ಅರ್ಥ.

ಉಪ್ಪು, ಕರಿಮೆಣಸು ಇಳಿಸುವ ಮುಂಚೆ. ನಿಂಬೆರಸ ಇಳಿಸಿದ ಮೇಲೆ, ಮೊದಲೇ ಹಾಕಿದರೆ ಮತ್ತೆ ಒದ್ದೆ.

ಒಂದು ಲೆಕ್ಕ ಹೇಳುತ್ತೇನೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 14 ಗ್ರಾಂ ಕೊಬ್ಬು. ನೀವು ಹಾಕುತ್ತಿದ್ದದ್ದು ಮೂರು, ಅಂದರೆ 42 ಗ್ರಾಂ, ಒಬ್ಬರಿಗೆ 21. ಈಗ ಒಂದು ಸಣ್ಣ ಚಮಚದಲ್ಲಿ ನಾಲ್ಕೂವರೆ ಗ್ರಾಂ, ಒಬ್ಬರಿಗೆ ಎರಡು ಚಿಲ್ಲರೆ. ಆಲೂಗಡ್ಡೆಯಲ್ಲಿ ಇರುವ ಕೊಬ್ಬು 100 ಗ್ರಾಮಿಗೆ 0.1 ಗ್ರಾಂ ಮಾತ್ರ. ಜಿಡ್ಡಿನ ಆಹಾರ ಅಂತ ಅದಕ್ಕೆ ಸುಮ್ನೆ ಕೆಟ್ಟ ಹೆಸರು ಬಂದಿದೆ. ನನಗೆ ಅದು ನಿಜವಾಗಿಯೂ ಬೇಸರದ ಸಂಗತಿ.

---

ತಟ್ಟೆ ತುಂಬ

ಮೇಲಿನವರು ಹೇಳಿದ್ದು ಸರಿ ಇದೆ. ನಾನು ಓವನ್ನಿನಲ್ಲಿ ಮಾಡುತ್ತೇನೆ. ಅದೇ ರೀತಿ ಅರೆಬೇಯಿಸಿ, ಒಣಗಿಸಿ, 220 ಡಿಗ್ರಿಯಲ್ಲಿ ಮೊದಲೇ ಕಾದ ತಟ್ಟೆಯ ಮೇಲೆ ಹರಡಿದರೆ 25ರಿಂದ 30 ನಿಮಿಷ. ನಡುವೆ ಒಂದು ಸಲ ತಿರುವಬೇಕು. ಓವನ್ ಕಾಯುವುದಕ್ಕೆ ಬೇರೆ ಸಮಯ ಬೇಕು. ರಜೆಯ ದಿನಕ್ಕೆ ಸರಿ, ಕೆಲಸದ ದಿನಕ್ಕೆ ಬಾಣಲೆಯೇ ವಾಸಿ.

ನನಗೆ ಹೇಳಬೇಕು ಅನ್ನಿಸಿದ್ದು ಬೇರೆ. ಬರೀ ಆಲೂಗಡ್ಡೆ ಕೊಟ್ಟು ಕಳಿಸಬೇಡಿ. 200 ಗ್ರಾಂ ಆಲೂಗಡ್ಡೆಯಲ್ಲಿ ಪ್ರೋಟೀನ್ 4 ಗ್ರಾಂ ಅಷ್ಟೇ. ಜೊತೆಗೆ ಕೆನೆ ತೆಗೆದ ಹಾಲಿನ ಮೊಸರು ಒಂದು ಬಟ್ಟಲು ಇಡಿ. ಮೊಟ್ಟೆ ತಿನ್ನುವವರಾದರೆ ಬಿಳಿಭಾಗ ಎರಡು. ಮೊಟ್ಟೆಯ ಕೊಬ್ಬು ಹೆಚ್ಚು ಕಡಿಮೆ ಎಲ್ಲ ಹಳದಿಯಲ್ಲೇ ಇರುತ್ತದೆ, ಒಂದು ದೊಡ್ಡ ಮೊಟ್ಟೆಗೆ 5 ಗ್ರಾಂ ಹತ್ತಿರ. ಬಿಳಿಭಾಗದಲ್ಲಿ ಮೂರೂವರೆ ಗ್ರಾಂ ಪ್ರೋಟೀನ್, ಜಿಡ್ಡು ಇಲ್ಲವೇ ಇಲ್ಲ ಅನ್ನಬಹುದು.

ಹೊಟ್ಟೆ ತುಂಬುವ ವಿಷಯದಲ್ಲಿ ಮಾತ್ರ ಆಲೂಗಡ್ಡೆಯನ್ನು ಮೀರಿಸುವುದು ಕಷ್ಟ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು 38 ಆಹಾರಗಳನ್ನು ಒಂದೇ ಕ್ಯಾಲೊರಿ ಅಳತೆಯಲ್ಲಿ ಜನರಿಗೆ ಕೊಟ್ಟು, ಎರಡು ಗಂಟೆ ಹಸಿವನ್ನು ಅಳೆದಿದ್ದರು. ಬೇಯಿಸಿದ ಆಲೂಗಡ್ಡೆ ಎಲ್ಲಕ್ಕಿಂತ ಮೇಲೆ ಬಂತು, ಬಿಳಿ ಬ್ರೆಡ್ಡಿನ ಮೂರು ಪಟ್ಟಿಗಿಂತ ಜಾಸ್ತಿ. ನಮ್ಮ ಮನೆಯಲ್ಲಿ ತೂಕ ಇಳಿಸಬೇಕು ಅಂತ ಆಲೂಗಡ್ಡೆ ಬಿಟ್ಟವರು ಬೆಳಿಗ್ಗೆ ಎಂಟಕ್ಕೆ ತಿಂದು ಹತ್ತಕ್ಕೆ ಬಿಸ್ಕೆಟ್ ಹುಡುಕುತ್ತಿದ್ದರು. ಎಣ್ಣೆ ಕಡಿಮೆ ಮಾಡಿ ಆಲೂಗಡ್ಡೆ ವಾಪಸ್ ತಂದ ಮೇಲೆ ಅದು ನಿಂತಿತು.

---

ಮೆತ್ತನೆ ಮಾತು

ಪಿತ್ತಕೋಶದ ಬಗ್ಗೆ ಒಂದು ಮಾತು, ನನಗೂ ಇದೇ ಆಗಿತ್ತು. ಜಿಡ್ಡು ತಿಂದಾಗ ಪಿತ್ತಕೋಶ ಹಿಂಡಿಕೊಂಡು ಪಿತ್ತರಸ ಬಿಡುತ್ತದೆ. ಕಲ್ಲು ಇದ್ದರೆ ಹಾಗೆ ಹಿಂಡುವಾಗ ನೋವು ಬರುತ್ತದೆ. ಅದಕ್ಕೇ ಒಂದೇ ಸಲ ಜಾಸ್ತಿ ಜಿಡ್ಡು ಬೇಡ ಅನ್ನುವುದು. ಆದರೆ ಹೆದರಿಕೊಂಡು ಪೂರ್ತಿ ಸೊನ್ನೆ ಮಾಡಬೇಡಿ. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹಿಡಿಯಬೇಕಾದರೆ ಸ್ವಲ್ಪ ಕೊಬ್ಬು ಬೇಕು. ದಿನಕ್ಕೆ ಎಷ್ಟು ಅಂತ ಅವರ ಡಾಕ್ಟರನ್ನೇ ಕೇಳಿ ಒಂದು ಅಂಕಿ ಬರೆದುಕೊಳ್ಳಿ. ನಾನು ಹಾಗೆ ಕೇಳದೆ ಮೂರು ತಿಂಗಳು ಎಲ್ಲವನ್ನೂ ಬಿಟ್ಟು ಸೊರಗಿದ್ದೆ.

ತಿಂದ ಮೇಲೆ ನೋವು ಹೆಚ್ಚು ಹೊತ್ತು ನಿಂತರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ ಅಡುಗೆ ಬದಲಿಸಿ ನೋಡುತ್ತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

---

ಬೆಳಗಿನ ಪಾಳಿ

ಎಲ್ಲರಿಗೂ ತುಂಬಾ ಧನ್ಯವಾದ. ಡಾಕ್ಟರನ್ನು ಕೇಳಿ ಅಂಕಿ ಬರೆದುಕೊಂಡು ಬಂದೆವು, ಅದೊಂದು ದೊಡ್ಡ ನೆಮ್ಮದಿ.

ಇವತ್ತು ಬೆಳಿಗ್ಗೆ ಮಾಡಿದೆ. ಪುಡಿಯಾಗಲಿಲ್ಲ. ತುಂಡುಗಳು ಚೌಕವಾಗಿ ಹಾಗೇ ನಿಂತವು, ವಿನೆಗರ್ ಇಷ್ಟು ಕೆಲಸ ಮಾಡುತ್ತದೆ ಅಂತ ಗೊತ್ತಿರಲಿಲ್ಲ. ಆದರೆ ಎರಡು ತೊಂದರೆ. ಅರ್ಧದಷ್ಟು ತುಂಡುಗಳ ಕೆಂಪು ಪದರ ಬಾಣಲೆಯಲ್ಲೇ ಉಳಿಯಿತು, ಆಲೂಗಡ್ಡೆ ಬೋಳಾಗಿ ಮೇಲೆ ಬಂತು. ಎರಡನೆಯದು, ಎರಡು ನಿಮಿಷಕ್ಕೇ ಒಂದು ಬದಿ ಗಾಢ ಕಂದು ಬಣ್ಣ ಬಂದುಬಿಟ್ಟಿತು, ಸ್ವಲ್ಪ ಕಹಿಯೂ ಇತ್ತು. ಉರಿ ಮಧ್ಯಮವೇ ಇತ್ತು. ಆಲೂಗಡ್ಡೆ ಒಂದು ವಾರದಿಂದ ಫ್ರಿಜ್ಜಿನಲ್ಲಿ ಇದ್ದದ್ದು. ಅದಕ್ಕೇನಾದರೂ ಸಂಬಂಧ ಇದೆಯಾ?

---

ಹಳೇ ಬಾಣಲೆ

ಇದೆ, ಅದೇ ಕಾರಣ. ಹಸಿ ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟರೆ ಆ ಚಳಿಗೆ ಅದರ ಗಂಜಿ ನಿಧಾನವಾಗಿ ಸಕ್ಕರೆಯಾಗುತ್ತದೆ. ಸಕ್ಕರೆ ಜಾಸ್ತಿ ಆದರೆ ಬೇಗ ಕಪ್ಪಾಗುತ್ತದೆ, ಕಹಿ ಬರುತ್ತದೆ. ಅಕ್ರಿಲಮೈಡ್ ಅನ್ನುವ ಬೇಡದ ವಸ್ತುವೂ ಜಾಸ್ತಿ ಹುಟ್ಟುತ್ತದೆ. ಹುರಿದ, ಕರಿದ ಆಹಾರದಲ್ಲಿ ಅದು ಇದೆ ಅಂತ 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ನೀರಿನಲ್ಲಿ ಬೇಯಿಸಿದರೆ ಹುಟ್ಟುವುದಿಲ್ಲ, 120 ಡಿಗ್ರಿ ದಾಟಿದ ಒಣ ಬಿಸಿಯಲ್ಲಿ ಹುಟ್ಟುತ್ತದೆ. ಹಾಗಾಗಿ ಬಣ್ಣ ಹೊಂಬಣ್ಣಕ್ಕೆ ನಿಲ್ಲಿಸಿ, ಕಂದು ತನಕ ಬಿಡಬೇಡಿ. ಹಸಿ ಆಲೂಗಡ್ಡೆ ಹೊರಗೆ ಇರಲಿ, ಕತ್ತಲಿನ, ಗಾಳಿ ಆಡುವ, ತಂಪು ಜಾಗದಲ್ಲಿ. ಈರುಳ್ಳಿ ಬುಟ್ಟಿಯಿಂದ ದೂರ ಇಡಿ.

ಬೆಳಕು ಬೀಳದ ಹಾಗೆ ನೋಡಿಕೊಳ್ಳಿ. ಬೆಳಕಿಗೆ ಸಿಪ್ಪೆ ಹಸಿರಾಗುತ್ತದೆ. ಹಸಿರು ಬಣ್ಣದಿಂದ ತೊಂದರೆ ಇಲ್ಲ, ಆದರೆ ಅದರ ಜೊತೆಗೆ ಸೊಲನೈನ್ ಅನ್ನುವ ವಿಷವೂ ಹೆಚ್ಚಿರುತ್ತದೆ. ಬೇಯಿಸಿದರೆ ಅದು ಹೋಗುವುದಿಲ್ಲ. ಸ್ವಲ್ಪ ಹಸಿರಿದ್ದರೆ ದಪ್ಪಗೆ ಕೆತ್ತಿ ತೆಗೆಯಿರಿ, ಮೊಳಕೆ ಕಣ್ಣನ್ನೂ ತೋಡಿ ತೆಗೆಯಿರಿ. ಪೂರ್ತಿ ಹಸಿರಾಗಿದ್ದರೆ ಎಸೆದುಬಿಡಿ, ಹೊಟ್ಟೆಯ ತೊಂದರೆ ಇರುವವರಿಗಂತೂ ಬೇಡವೇ ಬೇಡ.

ಇನ್ನು ಅಂಟಿದ್ದಕ್ಕೆ. ಸ್ಟೀಲ್ ಬಾಣಲೆ ಸರಿಯಾಗಿ ಕಾಯದೆ ಇದ್ದರೆ ಆಲೂಗಡ್ಡೆ ಹಿಡಿದುಕೊಳ್ಳುತ್ತದೆ. ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಚುಯ್ ಅಂತ ಅಲ್ಲೇ ಆವಿಯಾದರೆ ಇನ್ನೂ ಸಾಲದು. ಹನಿ ಉಂಡೆಯಾಗಿ ಬಾಣಲೆ ಮೇಲೆ ಓಡಾಡಿದರೆ ಕಾದಿದೆ. ನೀರು ಒರೆಸಿ, ಉರಿ ಸ್ವಲ್ಪ ತಗ್ಗಿಸಿ, ಆಮೇಲೆ ಆಲೂಗಡ್ಡೆ ಹಾಕಿ. ಆ ಚಮಚ ಎಣ್ಣೆಯಲ್ಲಿ ಎರಡು ಹನಿ ಉಳಿಸಿಕೊಂಡು ಬಟ್ಟೆಯಲ್ಲಿ ಬಾಣಲೆಗೆ ಸವರಬಹುದು. ನಾನ್‌ಸ್ಟಿಕ್ ಇದ್ದರೆ ಇದೆಲ್ಲ ಬೇಡ. ಆದರೆ ಅದನ್ನು ಖಾಲಿಯಾಗಿ ಜೋರು ಉರಿಯಲ್ಲಿ ಕಾಯಿಸಬಾರದು, ಮೇಲಿನ ಪದರ ಹಾಳಾಗುತ್ತದೆ.

ಇನ್ನೊಂದು. ನೀವು ಎರಡು ನಿಮಿಷಕ್ಕೇ ತಿರುವಿದಿರಿ ಅಂತ ಕಾಣುತ್ತದೆ. ಬಣ್ಣ ಬೇಗ ಬಂತು ಅಂತ ಗಾಬರಿಯಾಗಿರಬೇಕು. ಪದರ ಗಟ್ಟಿಯಾಗುವ ಮುಂಚೆ ಎತ್ತಿದರೆ ಅದು ಬಾಣಲೆಯ ಪಾಲಾಗುತ್ತದೆ.

ಬೆಳಗಿನ ಹೊತ್ತು ಉಳಿಸಲು ರಾತ್ರಿಯೇ ಬೇಯಿಸಿಡಿ. ಅಪ್ಪನಿಗೆ ನಾನು ಹಾಗೇ ಮಾಡುವುದು. ತಣ್ಣಗಾದ ಆಲೂಗಡ್ಡೆ ಗಟ್ಟಿಯಾಗುತ್ತದೆ, ತಿರುವಿದರೆ ಒಡೆಯುವುದಿಲ್ಲ. ಬೆಂದು ತಣ್ಣಗಾದಾಗ ಗಂಜಿಯ ಒಂದು ಭಾಗ ಬೇಗ ಜೀರ್ಣವಾಗದ ರೂಪಕ್ಕೆ ಬರುತ್ತದೆ, ನಾರಿನ ಹಾಗೆ ಕೆಲಸ ಮಾಡುತ್ತದೆ. ಮತ್ತೆ ಬಿಸಿ ಮಾಡಿದರೂ ಅದು ಪೂರ್ತಿ ಹೋಗುವುದಿಲ್ಲ. ಆದರೆ ಬೇಯಿಸಿದ್ದನ್ನು ರಾತ್ರಿಯೆಲ್ಲ ಹೊರಗೆ ಬಿಡಬೇಡಿ. ಎರಡು ಗಂಟೆಯ ಒಳಗೆ ಫ್ರಿಜ್ಜಿಗೆ ಹೋಗಲಿ. ಫ್ರಿಜ್ ಬೇಡ ಅಂದದ್ದು ಹಸಿ ಆಲೂಗಡ್ಡೆಗೆ, ಬೇಯಿಸಿದ್ದಕ್ಕೆ ಫ್ರಿಜ್ಜೇ ಬೇಕು.

---

ತಟ್ಟೆ ತುಂಬ

ಈರುಳ್ಳಿ ಸೇರಿಸುವ ಆಸೆ ಇದ್ದರೆ ಜೊತೆಗೆ ಹಾಕಬೇಡಿ, ಅದರ ನೀರಿಗೆ ಎಲ್ಲ ಮೆತ್ತಗಾಗುತ್ತದೆ. ಆಲೂಗಡ್ಡೆ ತಟ್ಟೆಗೆ ತೆಗೆದ ಮೇಲೆ ಅದೇ ಬಾಣಲೆಯಲ್ಲಿ ಈರುಳ್ಳಿ ಹಾಕಿ, ತಳ ಹಿಡಿಯುವಾಗ ಒಂದೊಂದು ಚಮಚ ನೀರು ಚಿಮುಕಿಸಿ ಕೆರೆಯಿರಿ. ಎಣ್ಣೆಯೇ ಬೇಡ. ತಳದಲ್ಲಿ ಅಂಟಿದ್ದ ಕೆಂಪೆಲ್ಲ ಈರುಳ್ಳಿಗೆ ಬರುತ್ತದೆ. ಒಳ್ಳೆ ರುಚಿ.

---

ಬೆಳಗಿನ ಪಾಳಿ

ಹೊಸ ಆಲೂಗಡ್ಡೆ ತಂದು ಹೊರಗೆ ಇಟ್ಟೆ. ನಿನ್ನೆ ರಾತ್ರಿ ಬೇಯಿಸಿ ಒಣಗಿಸಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ನೀರಿನ ಹನಿ ಬಾಣಲೆ ಮೇಲೆ ಓಡುವ ತನಕ ಕಾದೆ. ಆಮೇಲೆ ಗಡಿಯಾರ ನೋಡುತ್ತ ನಾಲ್ಕು ನಿಮಿಷ ಕೈಕಟ್ಟಿ ನಿಂತೆ. ಅದು ಕಷ್ಟದ ನಾಲ್ಕು ನಿಮಿಷ. ಮೊದಲು ಜೋರಾಗಿ ಚುರುಗುಟ್ಟುತ್ತಿತ್ತು, ಆಮೇಲೆ ಸದ್ದು ಸಣ್ಣಗಾಯಿತು. ಸಟ್ಟುಗ ತಳಕ್ಕೆ ಹಾಕಿದರೆ ತುಂಡು ತಾನಾಗಿ ಜಾರಿತು. ಕೆಳಗಿನ ಮುಖ ಹೊಂಬಣ್ಣ, ಪದರ ಪೂರ್ತಿ ಇತ್ತು.

ಒಂದು ಬಟ್ಟಲು ಮೊಸರು, ಎಣ್ಣೆ ಇಲ್ಲದ ಈರುಳ್ಳಿ, ಮೇಲೆ ಕರಿಮೆಣಸು, ಅರ್ಧ ನಿಂಬೆಹಣ್ಣು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅವಳು ಕಚ್ಚಿದ ಸದ್ದು ಅಲ್ಲಿಗೇ ಕೇಳಿಸಿತು. ಬಾಗಿಲ ಹತ್ತಿರ ಬಂದು, ಎಣ್ಣೆ ಜಾಸ್ತಿ ಹಾಕಿಬಿಟ್ಟಿದ್ದೀರಾ ಅಂತ ಆತಂಕದಲ್ಲಿ ಕೇಳಿದಳು. ಚಮಚ ತೋರಿಸಿದೆ. ಆಮೇಲೆ ಕೂತು ಪೂರ್ತಿ ತಿಂದಳು. ಮಧ್ಯಾಹ್ನ ಫೋನ್ ಮಾಡಿ ನೋವು ಏನೂ ಇಲ್ಲ ಅಂದಳು.

ನಾಳೆಗೂ ಅದೇ ಬೇಕಂತೆ. ಮೂರು ಆಲೂಗಡ್ಡೆ ಈಗ ಬೇಯಿಸಿ ತಟ್ಟೆಯಲ್ಲಿ ಹರಡಿದ್ದೇನೆ. ಫ್ರಿಜ್ಜಿನಲ್ಲಿಡುವಾಗ ಮುಚ್ಚಳ ಹಾಕಬೇಕಾ?

---

ಹಳೇ ಬಾಣಲೆ

ಓದಿ ತುಂಬಾ ಖುಷಿಯಾಯಿತು. ಮುಚ್ಚಳ ಬೇಡ. ಹಬೆ ಪೂರ್ತಿ ಹೋದ ಮೇಲೆ ಹಾಗೇ ತೆರೆದಿಡಿ. ಫ್ರಿಜ್ಜಿನ ಗಾಳಿಗೆ ಮೇಲ್ಮೈ ಇನ್ನಷ್ಟು ಒಣಗುತ್ತದೆ, ಬೆಳಿಗ್ಗೆ ಬಣ್ಣ ಒಂದು ನಿಮಿಷ ಮೊದಲೇ ಬರುತ್ತದೆ. ಆಗ ನಾಲ್ಕರ ಬದಲು ಮೂರು ನಿಮಿಷಕ್ಕೇ ಒಂದನ್ನು ಎತ್ತಿ ನೋಡಿ.